ಪಂಕ್ತಿಯ ಕೊನೆಯ ಮಣೆ

"ಉಪ್ಪು ಎಲ್ಲಿ ಅದ? ಎಡಕ್ಕ, ಮ್ಯಾಲ, ಮೊದಲು ಉಪ್ಪು ಬೀಳಬೇಕು. ಆಮ್ಯಾಲ ಚಟ್ನಿ. ಪಲ್ಲೆ ಬಲಕ್ಕ. ನಾಯಿಗಿ ಹಾಕಿದಂಗ ಎಲ್ಲಾ ಕೂಡಿ ಸುರುವ್ಯಾಳ ನೋಡು, ಬೋಸುಡಿ."

ಮುದುಕಪ್ಪ ಅಲ್ಯೂಮಿನಿಯಂ ತಾಟನ್ನು ಕಾಲಿನಿಂದ ಆಚೆ ತಳ್ಳಿದ. ಪುಂಡಿಪಲ್ಲೆ ಚೆಲ್ಲಿ ನೆಲದ ಸಗಣಿ ಸಾರಣೆಯ ಮೇಲೆ ಹಸಿರು ಗೀರು ಎಳೆಯಿತು. ಬಂಡೆಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಾಲಿಗಿಗೆ ಎಡಾ ಬಲಾ ತಿಳೀತದೇನು? ಹೊಟ್ಯಾಗ ಹೋಗಿ ಎಲ್ಲಾ ಒಂದ ಆಗ್ತದ. ತಿನ್ನು ಸುಮ್ನ."

"ಅದಕ್ಕ ನಿನ್ನ ಕುರಬಗಿತ್ತಿ ಅನ್ನೋದು. ಧಣೇರ ಮನಿ ದೊರಸಾನಿ ನೀಡೋದು ನೋಡಬೇಕಿತ್ತು ನೀ. ಬಳಿ ಸಪ್ಪಳ ಸೈತ ಆಗಂಗಿಲ್ಲ. ಹೋಳಿಗಿ ಮ್ಯಾಲ ತುಪ್ಪಾ ಬಿಟ್ಟು, 'ಸಾವಕಾಶ ಆಗಲಿ ಮುದುಕಪ್ಪಾ' ಅಂತಾಳ. ಹೆಸರು ಹಿಡದು ಅಂತಾಳ!"

ಬಂಡೆಮ್ಮ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ಮಗುಚಿದಳು. ಬೆರಳು ಸುಟ್ಟಿತು. ಅದಕ್ಕಿಂತ ಹೆಚ್ಚು ಒಳಗೇನೋ ಸುಟ್ಟಿತು, ಹಸಿಮೆಣಸಿನಕಾಯಿ ಅರೆದು ಎದೆಗೆ ಮೆತ್ತಿದಂತೆ. ಹದಿನೆಂಟು ವರ್ಷ ಈ ಗಂಡಸಿಗೆ ರೊಟ್ಟಿ ಬಡಿದು ಹಾಕಿದ್ದಳು. ತಿನ್ನುವಾಗ ಅವನು ಮುಖ ಮೇಲೆತ್ತಿದ್ದೇ ಇಲ್ಲ. ಈಗ ಯಾವಳೋ ನೀಡಿದ್ದನ್ನು ಅವಳ ಬಳೆಯ ಸಮೇತ ನೆನಪಿಟ್ಟುಕೊಂಡು ಬಂದಿದ್ದಾನೆ.

"ಕೈ ಕೊಡು ಇಲ್ಲಿ," ಎಂದಳು. ಅವನು ಏನೆಂದು ತಿಳಿಯದೆ ಕೈ ಚಾಚಿದ. ಮೂಸಿದಳು. ಮಣಿಕಟ್ಟಿನಲ್ಲಿ ಅತ್ತರು.

"ಇದೂ ಆಕೀನ ಹಚ್ಚಿದ್ಲೇನು?"

"ಹುಚ್ಚಿ. ಊಟಾದ ಮ್ಯಾಲ ಎಲಿ ಅಡಿಕಿ ಕೊಟ್ಟು ಎಲ್ಲಾರಿಗೂ ಹಚ್ತಾರ. ಪದ್ಧತಿ ಅದು."

"ಕೇಸು ಇಟಗೊಂಡು ಅವರ ಮನ್ಯಾಗ ಉಣ್ಣೋದು ಯಾವ ಪದ್ಧತಿ?"

ಅದಕ್ಕೆ ಮುದುಕಪ್ಪನ ಹತ್ತಿರ ಉತ್ತರವಿತ್ತು. "ಧಣೇರ ಅಂದಾರ, ಊಟ ಬ್ಯಾರೆ, ಕೇಸು ಬ್ಯಾರೆ. ಕೋರ್ಟಿನ್ಯಾಗ ಬಡದಾಡೋಣು, ಎಲಿ ಮುಂದ ಎಲ್ಲಾರೂ ಒಂದ ಅಂದಾರ. ದೊಡ್ಡ ಮನಷ್ಯಾರ ಬುದ್ಧಿ ದೊಡ್ಡದು."

ರಾಯಚೂರಿನಲ್ಲಿ ಮನೆಯಿದ್ದ ಧಣಿಗೆ ಪೋತ್ನಾಳದ ಸುತ್ತ ಜಮೀನಿತ್ತು. ಅದರಲ್ಲಿ ನಾಲ್ಕೆಕರೆಯನ್ನು ಮುದುಕಪ್ಪ ಪಾಲಿಗೆ ಮಾಡುತ್ತಿದ್ದ. ಬೀಜ, ಎತ್ತು, ಮೈ ಇವನವು. ಬೆಳೆಯಲ್ಲಿ ಅರ್ಧ ಧಣಿಯದು. ಕಾಲುವೆ ನೀರು ಬರುವ ಮೊದಲು ಅದು ಜಾಲಿ ಬೆಳೆದ ಕರಲು ನೆಲ. ದೇವದುರ್ಗದ ಕಡೆಯಿಂದ ಸೊಸೆಯಾಗಿ ಬಂದ ವರ್ಷವೇ ಬಂಡೆಮ್ಮ ಆ ಜಾಲಿಯ ಬೇರು ಕಿತ್ತಿದ್ದಳು. ಮಡಿ ಕಟ್ಟಿದ್ದೂ ಅವಳೇ, ಹೊಟ್ಟೆಯಲ್ಲಿ ಮೊದಲ ಮಗುವನ್ನು ಇಟ್ಟುಕೊಂಡು. ಉಳುವವನಿಗೇ ಹೊಲ ಎಂಬ ಕಾಯ್ದೆ ಬಂದ ಮೇಲೆ ಊರಿನ ಉಳಿದ ಪಾಲಿನವರ ಜೊತೆ ಮುದುಕಪ್ಪನೂ ಟ್ರಿಬ್ಯುನಲ್‌ಗೆ ಅರ್ಜಿ ಹಾಕಿದ. ಅದು ಎಪ್ಪತ್ತಾರನೇ ಇಸವಿ. ಸುದ್ದಿ ತಿಳಿದ ಧಣಿ ಬಯ್ಯಲಿಲ್ಲ, ಆಳು ಬಿಟ್ಟು ಹೊಡೆಸಲಿಲ್ಲ. ಊಟಕ್ಕೆ ಕರೆದ.

ಶ್ರಾವಣದ ನಾಟಿ ನಡೆದಿತ್ತು. ಮರುದಿನ ಕೆಸರುಗದ್ದೆಯಲ್ಲಿ ಬಗ್ಗಿ ಸಸಿ ಊರುತ್ತಿದ್ದ ಹೆಂಗಸರ ಸಾಲಿನಲ್ಲಿ ಮಾರೆಮ್ಮ ಸೊಂಟ ನೆಟ್ಟಗೆ ಮಾಡಿ ನಿಂತಳು. ಅವಳ ನಾಲಿಗೆಗೆ ಊರೇ ಹೆದರುತ್ತಿತ್ತು.

"ಬಂಡೆವ್ವಾ, ನಿನ ಗಂಡ ಅತ್ತರು ಹಚಗೊಂಡು ಗದ್ದಿಗೆ ಇಳದಾನ. ಕಪ್ಪಿ ಮೂಗು ಮುಚಗೊಂಡು ಓಡಾಕತ್ತಾವ ನೋಡು!"

ಸಾಲಿಗೆ ಸಾಲೇ ನಕ್ಕಿತು.

"ನಗಬ್ಯಾಡ್ರೇ," ಎಂದಳು ಮಾರೆಮ್ಮ, ತಾನೇ ನಗುತ್ತ. "ಪಟ್ಟಣದಾಕಿ ಕೈರುಚಿ ಹತ್ತಿದ ಗಂಡಸು ಮನಿ ಹಾದಿ ಮರೀತಾನ. ಇವತ್ತು ತುಪ್ಪ ಬಿಟ್ಲು, ನಾಳೆ ಏನ ಬಿಡ್ತಾಳೋ!"

"ನಿನ ಬಾಯಾಗ ಮಣ್ಣು ಹಾಕ. ದೊರಸಾನಿ ಆಕಿ. ಈ ಮೂತಿಗೆ ಮನಸು ಮಾಡ್ತಾಳೇನು?"

ಅಂದದ್ದು ತಾನೇ ಆದರೂ ಆ ಮಾತೂ ಬಂಡೆಮ್ಮನನ್ನೇ ಚುಚ್ಚಿತು. ದೊರಸಾನಿ ಮನಸ್ಸು ಮಾಡುವಂಥದ್ದಲ್ಲದ ಮೂತಿ ತನ್ನ ಪಾಲಿನದು. ಆ ಮೂತಿಯೂ ಈಗ ತನ್ನ ಕಡೆ ತಿರುಗುತ್ತಿಲ್ಲ.

ಮುಂದಿನ ರವಿವಾರ ಮತ್ತೆ ಊಟ. ಅದರ ಮಾರನೇ ದಿನವೇ ಕೇಸಿನ ವಿಚಾರಣೆ. ಮುದುಕಪ್ಪ ಬೆಳಿಗ್ಗೆಯೇ ಎದ್ದು, ಮದುವೆಮನೆಗೆ ಇಡುವ ಧೋತ್ರ ಉಟ್ಟು, ಮೀಸೆಗೆ ಎಣ್ಣೆ ಹಚ್ಚಿದ. ಹೊರಗೆ ಬಂದು ನೋಡಿದರೆ ಬಂಡೆಮ್ಮನೂ ತಲೆ ಬಾಚಿ, ಕೆಂಪಂಚಿನ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದಳು.

"ನೀ ಎಲ್ಲಿಗೆ ಹೊಂಟಿ?"

"ರಾಯಚೂರಿಗೆ. ಉಪ್ಪು ಎಲ್ಲಿ ಬೀಳ್ತದ ನೋಡಿ ಬರತೀನಿ."

"ಪಂಕ್ತ್ಯಾಗ ಹೆಣ್ಣುಮಕ್ಕಳು ಕುಂದ್ರಂಗಿಲ್ಲ."

"ನಿಂದರತೀನಿ. ನಿಂದ್ರಾಕ ಪದ್ಧತಿ ಬೇಕಾಗಿಲ್ಲ."

ಬಸ್ಸಿನಲ್ಲಿ ಅವನು ಅವಳಿಂದ ದೂರ ಕೂತ.

ಧಣಿಯ ಮನೆ ಕೋಟೆಯ ಹಿಂದಿನ ಓಣಿಯಲ್ಲಿತ್ತು. ಬಾಗಿಲಲ್ಲೇ ಧಣಿ ನಿಂತಿದ್ದ. ಬಿಳಿ ಜುಬ್ಬ, ಹೆಗಲ ಮೇಲೆ ಜರಿಯ ಶಲ್ಯ. "ಬಾರಪ್ಪಾ ಮುದುಕಪ್ಪಾ! ಕಾಲಿಗೆ ನೀರು ಕೊಡ್ರೋ ಯಾರರೇ!" ಎಂದು ಕೂಗಿದ. ತಾಮ್ರದ ತಂಬಿಗೆ ಬಂತು. ಮುದುಕಪ್ಪ ಕಾಲು ತೊಳೆದುಕೊಂಡ. ಬಂಡೆಮ್ಮ ತಂಬಿಗೆಗೆ ಕೈ ಚಾಚುವಷ್ಟರಲ್ಲಿ ದೊರಸಾನಿ ಒಳಗಿನಿಂದ ಬಂದಳು.

"ಇಕಿ ಯಾರು?"

"ಹೇಣ್ತಿರೀ," ಎಂದ ಮುದುಕಪ್ಪ, ತಪ್ಪು ಮಾಡಿದವನ ದನಿಯಲ್ಲಿ.

"ಹಿತ್ತಲ ಬಾಗಲಿಂದ ಬಾ ನೀ. ಇಲ್ಲಿ ರಂಗೋಲಿ ಅದ, ತುಳದಿ. ಕಾಲು ನೋಡು, ಗದ್ದೀನ ಎತಗೊಂಡು ಬಂದೀಯಲ್ಲ. ಬಂದಾಕಿ ಬಂದಿ, ನಾಕು ಭಾಂಡೆ ಬಿದ್ದಾವ, ತೊಳದು ಕೊಡು."

ಬಂಡೆಮ್ಮ ದೊರಸಾನಿಯನ್ನು ಕಣ್ತುಂಬ ನೋಡಿದಳು. ತನಗಿಂತ ಚೂರು ದೊಡ್ಡವಳೇ ಇರಬೇಕು. ಆದರೆ ಮೊಣಕೈ ತನಕ ಗೋಧಿಹಿಟ್ಟಿನಂಥ ಕೈ, ಒಂದು ಗೀರಿಲ್ಲ, ಕಲೆಯಿಲ್ಲ. ಬೆನ್ನು ನೆಟ್ಟಗಿತ್ತು. ಸಸಿ ಊರದ ಬೆನ್ನು ಹೀಗಿರುತ್ತದೆ ಎಂದುಕೊಂಡಳು. ಗಂಡ ಏನಾದರೂ ಹೇಳಿಯಾನೇ ಎಂದು ನೋಡಿದಳು. ಅವನು ಒರೆಸಿದ ಕಾಲನ್ನೇ ಮತ್ತೆ ಒರೆಸುತ್ತಿದ್ದ.

ಹಿತ್ತಲಲ್ಲಿ ಕಲ್ಲು, ಬೂದಿ, ಗುಡ್ಡೆಬಿದ್ದ ಹಿತ್ತಾಳೆ ಪಾತ್ರೆಗಳು. ಅಡುಗೆಮನೆಯ ಬಾಗಿಲು ತೆರೆದಿತ್ತು. ಅದರಾಚೆ ಊಟದ ಪಡಸಾಲೆ ಕಾಣುತ್ತಿತ್ತು. ತೊಳೆಯುತ್ತ ತೊಳೆಯುತ್ತ ಅವಳು ಎಲ್ಲವನ್ನೂ ನೋಡಿದಳು. ಮಣೆಗಳ ಸಾಲು. ಪ್ರತಿ ಮಣೆಯ ಮುಂದೆ ತುದಿ ಎಡಕ್ಕಿಟ್ಟ ಬಾಳೆಲೆ, ಸುತ್ತ ರಂಗೋಲಿ, ಪಕ್ಕದಲ್ಲಿ ಊದುಬತ್ತಿ. ನಡುವಿನ ಮಣೆಗೆ ಬೆಳ್ಳಿ ಹೂವಿನ ಕೆತ್ತನೆ. ಅದು ದೊಡ್ಡ ಅತಿಥಿಯದು. ಕೊನೆಗೆ, ಒಂದು ಮೊಳ ಜಾಗ ಬಿಟ್ಟು, ಒಂದು ಬೋಳು ಮಣೆ. ಅದರ ಮುಂದೆಯೂ ಎಲೆ, ಅದಕ್ಕೂ ರಂಗೋಲಿ. ಉಪ್ಪು ಎಡಕ್ಕೆ ಮೇಲೆಯೇ ಬಿತ್ತು.

ತನಗೆ ಯಾರಾದರೂ, ಒಂದೇ ಒಂದು ಸಲ, ಹೀಗೆ ರಂಗೋಲಿ ಹಾಕಿ ಎಲೆ ಹಾಸಿದ್ದರೆ? ಆ ಯೋಚನೆ ಬಂದದ್ದಕ್ಕೇ ಸಿಟ್ಟು ಬಂದು ಪರಾತವನ್ನು ಉಜ್ಜಿ ಉಜ್ಜಿ ಎಸೆದಳು.

"ಮೆಲ್ಲಗ ಅಕ್ಕಾ. ಮುರದರ ನನ್ನ ಕುದುರಿ ಮಾರಬೇಕಾಗ್ತದ."

ಟಾಂಗಾದ ದಸ್ತಗೀರ್ ಸಾಬ್. ದೊಡ್ಡ ಅತಿಥಿಯನ್ನು ಸ್ಟೇಶನ್ನಿನಿಂದ ಕರೆತಂದು, ಹಿತ್ತಲ ಬೇವಿನ ಕೆಳಗೆ ಕೂತು ತನ್ನ ಬುತ್ತಿ ಬಿಚ್ಚಿದ್ದ. ಈ ಮನೆಯ ಎಲ್ಲ ಊಟಗಳಿಗೂ ಮಂದಿ ತರುವವನು ಅವನೇ. ಈ ಮನೆಯಲ್ಲಿ ಒಮ್ಮೆಯೂ ಉಂಡವನಲ್ಲ.

"ನಿನ ಗಂಡೇನು, ಆ ಕೊನೀ ಮಣಿಯವ?"

"ಹೂಂ. ಯಾಕ?"

"ಕೇಸು ಹಾಕ್ಯಾನೇನು?"

ಬಂಡೆಮ್ಮ ಕೈ ನಿಲ್ಲಿಸಿದಳು. "ನಿಮಗೆಂಗ ಗೊತ್ತು?"

ದಸ್ತಗೀರ್ ಸಾಬ್ ರೊಟ್ಟಿ ಮುರಿದ. "ಆ ಮಣಿ ಮ್ಯಾಲ ಕೇಸಿನವರ ಕುಂದ್ರೋದು, ಅಕ್ಕಾ. ಬ್ಯಾಸಿಗ್ಯಾಗ ಗಿಲ್ಲೆಸುಗೂರಿನ ಗದ್ದೆಪ್ಪ ಅಂತ ಒಬ್ಬಾವ ಕುಂತಿದ್ದ. ಛಲೋ ಉಂಡ. ಕೇಸು ನೋಡೋ ಸಾಹೇಬ್ರು ಕೇಳಿದ್ರು, ಯಾರಪ್ಪಾ ನೀನು ಅಂತ. ಧಣೇರ ಮುಂದ ಎಲ್ಲಾರೂ ಅನ್ನೋದನ್ನ ಅಂದ. 'ನಿಮ್ಮ ಆಳ್ರಿ ಯಪ್ಪಾ' ಅಂದ."

"ಮತ್ತೇನ ಅನಬೇಕು? ನಮ್ಮ ಮಾವನೂ ಹಂಗ ಅಂತಿದ್ದ."

"ಆಳಿಗೆ ಕೂಲಿ ಅದ, ಹೊಲ ಇಲ್ಲ. ಕಾಯ್ದೆದಾಗ ಹಂಗ ಅದಂತ. ಪಾಲಿನವ ಅಂದ್ರ ಹೊಲ ಬರ್ತದ, ಆಳು ಅಂದ್ರ ಹೋಗ್ತದ. ಮರುದಿನ ವಕೀಲ ಎದ್ದು ನಿಂತು, ಇವ ಇಷ್ಟು ಮಂದಿ ಮುಂದ ತಾನ ಆಳು ಅಂತ ಒಪ್ಪಿಕೊಂಡಾನ ಅಂದ. ಗದ್ದೆಪ್ಪಗ ಸುಳ್ಳು ಹೇಳಾಕ ಬಾಯಿ ಬರಲಿಲ್ಲ, ಉಂಡಿದ್ನಲ್ಲ. ಈಗ ಸ್ಟೇಶನ್ನಿನ್ಯಾಗ ಮೂಟಿ ಹೊರತಾನ."

ಬಂಡೆಮ್ಮ ಎದ್ದಳು. ಅಡುಗೆಯವನು ಬಾಗಿಲಿಗೆ ಅಡ್ಡ ನಿಂತ. "ಏ ಏ, ಮಡಿ ಅದ, ದೂರ! ಒಳಗ ಕಾಲಿಟ್ಟಿ ಅಂದ್ರ ನೋಡು."

ಪಂಕ್ತಿ ಕೂತಿತ್ತು. ಬೆಳ್ಳಿ ಹೂವಿನ ಮಣೆಯ ಮೇಲೆ ಟ್ರಿಬ್ಯುನಲ್ಲಿನ ಮೆಂಬರು, ಖಾದಿ ತೊಟ್ಟ ದಪ್ಪ ಮನುಷ್ಯ. ಅವನ ಪಕ್ಕ ಧಣಿಯ ವಕೀಲ. ಉಳಿದವರು ಊರ ದೊಡ್ಡವರು. ಧಣಿ ತಾನು ಕೂರದೆ, ಕೈಮುಗಿದು ಸಾಲಿನ ಉದ್ದಕ್ಕೂ ನಡೆದು "ಸಾವಕಾಶ ಆಗಲ್ರಿ, ಸಂಕೋಚ ಬ್ಯಾಡ್ರಿ" ಅನ್ನುತ್ತಿದ್ದ. ಹಾಗನ್ನುವುದು ಯಜಮಾನನ ಪದ್ಧತಿ. ಹೋಳಿಗೆಯನ್ನು ದೊರಸಾನಿ ತಾನೇ ನೀಡುತ್ತಿದ್ದಳು. ಬಗ್ಗಿ, ಎಲೆಯ ಹತ್ತಿರ ಕೈ ತಂದು, ಹೂವಿಟ್ಟಂತೆ ಇಡುತ್ತಿದ್ದಳು. ಬೇಡ ಬೇಡ ಅಂದವರಿಗೆ ಇನ್ನೊಂದು ಇಟ್ಟಳು.

ಬಂಡೆಮ್ಮನ ಕಣ್ಣು ಆ ಕೈಯನ್ನು ಬಿಡಲಿಲ್ಲ. ಅದು ತನ್ನ ಗಂಡನ ಎಲೆಗೆ ಎಷ್ಟು ಹತ್ತಿರ ಬಂದೀತು, ಎಷ್ಟು ಹೊತ್ತು ನಿಂತೀತು ಎಂದು ನೋಡುತ್ತಲೇ ಇದ್ದಳು. ಹೊಲದ ಮಾತು ಕಿವಿಯಲ್ಲಿ ಇನ್ನೂ ಬಿಸಿಯಾಗಿದ್ದರೂ ಅವಳು ನೋಡಿದ್ದು ಮೊದಲು ಅದನ್ನೇ.

ದೊರಸಾನಿ ಕೊನೆಯ ಮಣೆಗೆ ಬಂದಳು. ಬಗ್ಗಲಿಲ್ಲ. ಸೆರಗನ್ನು ಎಡಗೈಯಲ್ಲಿ ಹಿಂದಕ್ಕೆ ಎಳೆದುಕೊಂಡು, ನಿಂತಲ್ಲಿಂದಲೇ ಹೋಳಿಗೆಯನ್ನು ಬಿಟ್ಟಳು. ಅದು ಟಪ್ಪನೆ ಬಿದ್ದು ಮಡಚಿಕೊಂಡು ಪಲ್ಯದ ಮೇಲೆ ಕೂತಿತು. ತುಪ್ಪ ಅಷ್ಟೆತ್ತರದಿಂದ ದಾರದಂತೆ ಇಳಿಯಿತು. ಅನ್ನವೂ ಹಾಗೆಯೇ, ಸೌಟು ಎಲೆಗೆ ತಾಗದಂತೆ, ಎತ್ತಿ. "ಸಾವಕಾಶ ಆಗಲಿ ಮುದುಕಪ್ಪಾ," ಎಂದಳು. ಮುದುಕಪ್ಪ ಮುಖವೆತ್ತಿ ನಕ್ಕ. ಮಡಚಿದ ಹೋಳಿಗೆಯನ್ನು ಬೆರಳಿನಿಂದ ಬಿಡಿಸಿ ನೆಟ್ಟಗೆ ಮಾಡಿಕೊಂಡ.

ಬಂಡೆಮ್ಮನಿಗೆ ನಗು ಬಂತು. ಆಮೇಲೆ ಉಗುಳು ಬಂತು. ಇಷ್ಟು ದಿನ ಯಾವ ಊಟಕ್ಕೆ ತಾನು ಉರಿದಿದ್ದಳೋ ಅದನ್ನು ಅವಳ ಊರಿನಲ್ಲಿ ಹೊಲಗೇರಿಯವರಿಗೆ ನೀಡುತ್ತಿದ್ದರು, ಹೀಗೆಯೇ, ಎತ್ತಿ. ಅವಳೂ ನೀಡಿದ್ದಳು.

"ಯಾರ ಇವ?" ಎಂದ ಮೆಂಬರು, ಹೋಳಿಗೆ ಅಗಿಯುತ್ತ. ಕೇಳಬೇಕಾದದ್ದನ್ನು ಕೇಳುವ ಹೊತ್ತು ಬಂದಂತಿತ್ತು.

"ನಮ್ಮ ಮನಿ ಮನಷ್ಯಾನ್ರಿ," ಎಂದ ಧಣಿ. "ನಾ ಯಾಕ ಹೇಳಲಿ, ಅವನ್ನ ಕೇಳ್ರಿ."

"ಏನಪ್ಪಾ, ಈ ಮನಿಗೂ ನಿನಗೂ ಏನ ಸಂಬಂಧ?"

ಮುದುಕಪ್ಪನಿಗೆ ಕೈ ಮುಗಿಯಲಾಗಲಿಲ್ಲ, ಬಲಗೈ ಎಂಜಲಾಗಿತ್ತು. ತಲೆ ಬಗ್ಗಿಸಿದ. "ನಾ ಇವರ ಆಳ್ರಿ ಯಪ್ಪಾ. ಇವರ ಉಪ್ಪು ತಿಂದ ಜೀವ."

"ಇನ್ನೊಮ್ಮೆ ಅನ್ನಪ್ಪಾ," ಎಂದ ವಕೀಲ ಮೆಲ್ಲಗೆ. "ಆ ಕಡಿಯವರಿಗೆ ಕೇಳಿಸಲಿಲ್ಲ."

ಮುದುಕಪ್ಪ ಖುಷಿಯಿಂದ ದನಿ ಏರಿಸಿದ. "ಆಳ್ರೀ! ಈ ಮನಿ ಆಳು!"

"ನಿನ ಬಾಯಿಗೆ ಬೆಂಕಿ ಹಾಕ, ಭಾಡ್ಯಾ!"

ಅಡುಗೆಯವನು ಮಡಿಯಲ್ಲಿದ್ದ. ಬೂದಿ ಮೆತ್ತಿದ ಒದ್ದೆ ಕೈಗಳನ್ನು ಮುಂದೆ ಚಾಚಿಕೊಂಡು ಬಂಡೆಮ್ಮ ಬಂದಾಗ ಅವನೇ ಹಿಂದೆ ಜಿಗಿದ. ಅವಳು ರಂಗೋಲಿ ತುಳಿದುಕೊಂಡು ಪಡಸಾಲೆಯ ನಡುವೆ ನಿಂತಳು.

"ಏ, ಯಾರದು! ಹೊರಗ ಹಾಕ್ರೋ ಇಕೀನ್ನ!" ಎಂದ ಧಣಿ.

"ಬಂದಾಗ ನೋಡೀರಿ. ಇವನ ಹೇಣ್ತಿ. ಆಳಿನ ಹೇಣ್ತೀನೋ, ಮನಿ ಮನಷ್ಯಾನ ಹೇಣ್ತೀನೋ, ಅದೊಂದು ತಿಳೀಲಿ." ದೊರಸಾನಿಯ ಕಡೆ ತಿರುಗಿದಳು. "ಯವ್ವಾ, ಇವ ನಿಮ್ಮ ಮನಿಯವ ಹೌದಲ್ಲ? ಹಂಗಿದ್ರ ಬಗ್ಗು. ಬಗ್ಗಿ ನೀಡು. ಆ ಸಾಹೇಬ್ಗ ನೀಡಿದಂಗ ನೀಡು ನೋಡಾನು."

ದೊರಸಾನಿ ಅನ್ನದ ಪಾತ್ರೆ ಹಿಡಿದು ನಿಂತೇ ಇದ್ದಳು. ಮುಖ ಕೆಂಪಾಗಿತ್ತು. ಬಳೆಗಳು ಸಪ್ಪಳ ಮಾಡಿದವು.

ಬಂಡೆಮ್ಮ ಪಾತ್ರೆಯೊಳಗಿನ ಸೌಟು ಎತ್ತಿಕೊಂಡಳು. ಗಂಡನ ಎಲೆಯ ಮೇಲಿದ್ದ ಅನ್ನಕ್ಕೆ ಅದನ್ನು ಊರಿ, ಸವರಿ, ತುಂಬಿಕೊಂಡು ನಡುವಿನ ಮಣೆಯ ಮುಂದೆ ಬಂದಳು. "ತಗೋರಿ ಸಾಹೇಬ್ರ. ಮನಿ ಮನಷ್ಯಾನ ಎಲಿದು. ಸಂಕೋಚ ಬ್ಯಾಡ್ರಿ."

ಮೆಂಬರು ಎಲೆಗೆ ಎರಡೂ ಕೈ ಅಡ್ಡ ಹಿಡಿದ. ಸೌಟು ಇನ್ನೂ ಹತ್ತಿರ ಬಂದದ್ದು ನೋಡಿ ಎದ್ದೇಬಿಟ್ಟ. ಅವನು ಎದ್ದ ಮೇಲೆ ವಕೀಲ ಎದ್ದ. ವಕೀಲ ಎದ್ದ ಮೇಲೆ ಸಾಲಿಗೆ ಸಾಲೇ ಎದ್ದಿತು. ಕೂತು ಉಳಿದವನು ಮುದುಕಪ್ಪ ಒಬ್ಬನೇ. ಅವನು ಎದ್ದವರನ್ನು ನೋಡಿದ, ತನ್ನ ಎಲೆಯನ್ನು ನೋಡಿದ, ಹೆಂಡತಿಯ ಕೈಯ ಸೌಟನ್ನು ನೋಡಿದ.

"ಊಟ ಕೆಡಿಸಿದೆಲ್ಲಲೇ ರಂಡಿ," ಎಂದ. ಆದರೆ ಕಣ್ಣು ಸೌಟಿನಿಂದ ಕದಲಲಿಲ್ಲ.

"ಎದಕ್ಕ ಎದ್ದಾರ ಕೇಳು," ಎಂದಳು ಬಂಡೆಮ್ಮ. "ನಿನ ಎಲಿ ಅಗಳು ಅದು. ವಿಷ ಅಲ್ಲ. ಕೇಳು, ಎದಕ್ಕ ಎದ್ದೀರಿ ಅಂತ."

ಮುದುಕಪ್ಪ ಕೇಳಲಿಲ್ಲ. ಎಲೆಯನ್ನು ನೋಡುತ್ತಲೇ ಅಂದ: "ನಾ ಪಾಲಿನವ್ರಿ."

ಯಾರೂ ತಿರುಗಲಿಲ್ಲ. ಮೆಂಬರು ಕೈ ತೊಳೆಯಲು ಹೊರಟಿದ್ದ.

"ಸಾಹೇಬ್ರ, ನಾ ಪಾಲಿನವ್ರಿ. ನಾಕೆಕರೆ. ಅರ್ಧ ಬೆಳಿ ನಾನ ಹೊತ್ತು ಹಾಕೀನ್ರಿ ಇವರಿಗಿ."

"ಊಟಕ್ಕ ಬಂದಾವ ನಾನು," ಎಂದ ಮೆಂಬರು ಒರೆಸುವ ಬಟ್ಟೆಗೆ ಕೈ ಚಾಚುತ್ತ. "ಊಟದ ಮನ್ಯಾಗ ಕೇಸಿನ ಮಾತು ನನಗ ಕೇಳಸಂಗಿಲ್ಲ. ಟಾಂಗಾ ತರ್ಸ್ರಿ."

"ಆಳು ಅಂದದ್ದು ಕೇಳಿಸಿತಲ್ಲ!" ಬಂಡೆಮ್ಮ ಕೂಗಿದಳು. "ಅದು ಯಾವ ಕಿವಿ?"

ಧಣಿಯ ಇಬ್ಬರು ಆಳುಗಳು ಬಂದು ಅವಳ ರಟ್ಟೆ ಹಿಡಿದು ಹೊರಕ್ಕೆ ಎಳೆದರು. ಒಬ್ಬ ಕುಂಡಿಗೆ ಒದ್ದ. ಅವಳು ಬೀದಿಯ ಮಣ್ಣಿನಲ್ಲಿ ಬಿದ್ದು ಏಳುವಷ್ಟರಲ್ಲಿ ಟಾಂಗಾ ಮುಂಬಾಗಿಲಿಗೆ ಬಂದಿತ್ತು. ಮೆಂಬರು ಹತ್ತಿದ. ಟಾಂಗಾ ಹೊರಟಿತು.

ಮುದುಕಪ್ಪ ಎಂಜಲಗೈ ಮೇಲೆತ್ತಿಕೊಂಡೇ ಬಾಗಿಲು ದಾಟಿ ಬಂದ. ಹೆಂಡತಿಯನ್ನು ಹೊಡೆಯಲು ಬಂದನೆಂದು ಓಣಿಯ ಮಂದಿ ತಿಳಿದರು. ಅವಳೂ ಹಾಗೇ ತಿಳಿದು ಮುಖಕ್ಕೆ ಕೈ ಅಡ್ಡ ತಂದಳು. ಅವನು ಅವಳನ್ನು ದಾಟಿ ಓಡಿದ.

"ನಾ ಪಾಲಿನವಾ! ಆಳಲ್ಲೋ! ಪಾಲಿನವಾ!"

ರವಿವಾರದ ಮಧ್ಯಾಹ್ನ. ಕಿಟಕಿಗಳು ತೆರೆದವು. ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದರು. "ಲಗೂ ಹೊಡಿಯೋ ಸಾಬಾ," ಎಂದ ಮೆಂಬರು.

ದಸ್ತಗೀರ್ ಸಾಬ್ ಲಗಾಮು ಎಳೆದ. ಓಡುತ್ತಿದ್ದ ಕುದುರೆ ನಡೆಯತೊಡಗಿತು.

"ಲಗೂ ಅಂದ್ರ ತಿಳಿಯಂಗಿಲ್ಲೇನು?"

"ಕಾಲು ನೋಯಾಕತ್ತದ ಸಾಬ್ ಇದಕ್ಕ. ಬೇಜುಬಾನ್ ಜಾನ್ವರ್, ಬಾಯಿಲ್ಲದ ಜೀವ. ಹೊಡದರ ಪಾಪ ಬರ್ತದ."

ಮುದುಕಪ್ಪ ಟಾಂಗಾವನ್ನು ಹಿಡಿದ. ಒಂದು ಕಡೆಯ ಗಾಲಿಯ ಪಕ್ಕ ಅವನು ನಡೆದ. ಇನ್ನೊಂದು ಕಡೆಯ ಗಾಲಿಯ ಪಕ್ಕ, ಹರಿದ ಸೆರಗನ್ನು ಸೊಂಟಕ್ಕೆ ಸುತ್ತಿಕೊಂಡು ಬಂಡೆಮ್ಮ ನಡೆದಳು. ಸ್ಟೇಶನ್ನು ಇನ್ನೂ ದೂರವಿತ್ತು. ಮೆಂಬರು ಎಡಕ್ಕೆ ತಿರುಗಿದರೆ ಪಾಲಿನವನೆಂದು ಅವನು ಹೇಳುತ್ತಿದ್ದ. ಬಲಕ್ಕೆ ತಿರುಗಿದರೆ ಅವಳು ಹೇಳುತ್ತಿದ್ದಳು.